ಸ್ಕ್ಯಾನಿನಲ್ಲಿ ಕಾಣದ ದಾರಿಗಳು
ಆಟಿಸಂ ಮತ್ತು ಎ.ಡಿ.ಎಚ್.ಡಿ. ಇರುವ ಮಕ್ಕಳ ಮಿದುಳಿನ ಬಗ್ಗೆ ಪೋಷಕರಿಗೆ ಒಂದಿಷ್ಟು ತಿಳಿವಳಿಕೆ

ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮ ಕೇಂದ್ರಕ್ಕೆ ಒಬ್ಬ ತಾಯಿ ಬಂದರು. ಎಸ್ಟೇಟ್ ಲೈನಿನಿಂದ ಎರಡು ಬಸ್ಸು ಬದಲಿಸಿ, ನಾಲ್ಕು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಿದ್ದರು. ಇನ್ನೊಂದು ಕಂಕುಳಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಗುವಿನ ತಲೆಯ ಎಂ.ಆರ್.ಐ. ಫಿಲ್ಮುಗಳು. ಕಿವಿಯ ಓಲೆ ಅಡ ಇಟ್ಟು ಮಾಡಿಸಿದ ಸ್ಕ್ಯಾನು. ವರದಿಯ ಕೊನೆಯ ಸಾಲಿನಲ್ಲಿ ಮಿದುಳಿನಲ್ಲಿ ಯಾವ ದೋಷವೂ ಕಂಡುಬಂದಿಲ್ಲ ಎಂದಿತ್ತು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ಓದಿ ನಿಟ್ಟುಸಿರು ಬಿಡುತ್ತಿದ್ದರು. ಈ ತಾಯಿಗೆ ಅದರಿಂದಲೇ ಸಂಕಟವಾಗಿತ್ತು. "ಸ್ಕ್ಯಾನ್‌ನಲ್ಲಿ ಏನೂ ಇಲ್ವಂತೆ ಸಿಸ್ಟರ್. ಹಾಗಾದ್ರೆ ನಾನು ಸಾಕಿದ್ದರಲ್ಲೇ ತಪ್ಪಾಯ್ತು ಅಂತ ಅಲ್ವಾ? ನಮ್ಮತ್ತೆ ಹೇಳೋದೂ ಅದೇ" ಎಂದರು. ಮಗು ಅಷ್ಟು ಹೊತ್ತೂ ನಮ್ಮ ಜಗಲಿಯ ಕಂಬದ ಸುತ್ತ ಒಂದೇ ದಿಕ್ಕಿನಲ್ಲಿ ಸುತ್ತುತ್ತಿತ್ತು. ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ. ಮಳೆನೀರು ತಗಡಿನಿಂದ ತೊಟ್ಟಿಕ್ಕುವ ಸದ್ದಿಗೆ ಮಾತ್ರ ಕಿವಿಗೊಟ್ಟು ನಿಂತಿತು.

ಆ ಪ್ರಶ್ನೆಗೆ ಅಂದು ಐದು ನಿಮಿಷದಲ್ಲಿ ಉತ್ತರ ಹೇಳಿದೆವು. ಅದು ಸಾಲದು ಅಂತ ಆಮೇಲೆ ಅನ್ನಿಸಿತು. ಅದಾದ ಮೇಲೆ ಇದೇ ಪ್ರಶ್ನೆ ಹಿಡಿದುಕೊಂಡು ಇನ್ನೂ ಮೂರ್ನಾಲ್ಕು ಮನೆಯವರು ಬಂದರು. ಆದ್ದರಿಂದ ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ವಿಜ್ಞಾನದ ವಿಷಯ ಬಂತು ಅಂತ ಹೆದರಬೇಡಿ. ನಾವೂ ಓದಿದ್ದು ಸಮಾಜಕಾರ್ಯ, ವೈದ್ಯಕೀಯ ಅಲ್ಲ. ನಮಗೆ ಅರ್ಥವಾದದ್ದು ನಿಮಗೂ ಅರ್ಥವಾಗುತ್ತದೆ.

ಒಂದೇ ಲೈನಿನ ದೀಪಗಳು

ಮಾಮೂಲಿ ಎಂ.ಆರ್.ಐ. ಎಂದರೆ ಮಿದುಳಿನ ಆಕಾರದ ಚಿತ್ರ. ಗಡ್ಡೆ ಇದೆಯೇ, ರಕ್ತ ಹೆಪ್ಪುಗಟ್ಟಿದೆಯೇ, ನೀರು ತುಂಬಿದೆಯೇ, ಹುಟ್ಟುವಾಗ ಪೆಟ್ಟಾಗಿದೆಯೇ ಎಂದು ಅದು ತೋರಿಸುತ್ತದೆ. ಊರಿನ ಫೋಟೋ ತೆಗೆದ ಹಾಗೆ. ಮನೆ, ಶಾಲೆ, ಅಂಗಡಿ ಎಲ್ಲ ಇದ್ದಲ್ಲೇ ಇದೆ ಅಂತ ಫೋಟೋ ನೋಡಿ ಹೇಳಬಹುದು. ಯಾವ ಮನೆಯವರಿಗೂ ಯಾವ ಮನೆಯವರಿಗೂ ಮಾತುಕತೆ ಇದೆ, ಯಾರ ಸುದ್ದಿ ಯಾರಿಗೆ ಬೇಗ ತಲುಪುತ್ತದೆ ಅನ್ನೋದು ಫೋಟೋದಲ್ಲಿ ಕಾಣುತ್ತದೆಯೇ? ಆಟಿಸಂ ಮತ್ತು ಎ.ಡಿ.ಎಚ್.ಡಿ. ಇರುವ ಹೆಚ್ಚಿನ ಮಕ್ಕಳಲ್ಲಿ ಮಿದುಳಿನ ಫೋಟೋ ಸರಿಯಾಗಿಯೇ ಇರುತ್ತದೆ. ಬೇರೆಯಾಗಿರುವುದು ಭಾಗ ಭಾಗಗಳ ನಡುವಿನ ಮಾತುಕತೆ ಎಂದು ವಿಜ್ಞಾನಿಗಳು ಕಳೆದ ಇಪ್ಪತ್ತು ಮೂವತ್ತು ವರ್ಷಗಳಿಂದ ಹುಡುಕುತ್ತಾ ಬಂದಿದ್ದಾರೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ತೂಕದಲ್ಲಿ ದೇಹದ ನೂರರಲ್ಲಿ ಎರಡು ಭಾಗವಾದರೂ ನಾವು ತಿಂದುಂಡ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ಅದೊಂದೇ ಬಳಸುತ್ತದೆ. ಯಾವ ಭಾಗ ಹೆಚ್ಚು ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ತುಂಬಿದ ರಕ್ತಕ್ಕೂ ಆಮ್ಲಜನಕ ಖಾಲಿಯಾದ ರಕ್ತಕ್ಕೂ ಅಯಸ್ಕಾಂತದ ಮುಂದೆ ಸ್ವಲ್ಪ ವ್ಯತ್ಯಾಸವಿದೆ. 1990ರಲ್ಲಿ ಜಪಾನಿನ ಸೇಜಿ ಒಗಾವಾ ಎಂಬ ವಿಜ್ಞಾನಿ ಈ ವ್ಯತ್ಯಾಸದಿಂದಲೇ ಮಿದುಳಿನ ಕೆಲಸವನ್ನು ಹೊರಗಿನಿಂದ ನೋಡಬಹುದು ಎಂದು ತೋರಿಸಿದರು. ಇದಕ್ಕೆ ಫಂಕ್ಷನಲ್ ಎಂ.ಆರ್.ಐ. ಎನ್ನುತ್ತಾರೆ. ಆ ತಾಯಿ ದುಡ್ಡು ಕೊಟ್ಟು ಮಾಡಿಸಿದ್ದು ಇದಲ್ಲ. ಯಂತ್ರ ಒಂದೇ ಬಗೆಯದು, ಬಳಸುವ ರೀತಿ ಬೇರೆ. ಹೀಗೆ ಬಳಸುವುದು ಹೆಚ್ಚಾಗಿ ಸಂಶೋಧನೆಗೆ.

ಆಮೇಲೆ ಬಂದದ್ದು ಇನ್ನೂ ಸ್ವಾರಸ್ಯ. 1995ರಲ್ಲಿ ಭಾರತ ಮೂಲದ ಭರತ್ ಬಿಸ್ವಾಲ್ ಎಂಬ ಯುವ ಸಂಶೋಧಕರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಂದು ವಿಷಯ ಗಮನಿಸಿದರು. ಯಂತ್ರದೊಳಗೆ ಮಲಗಿದವರು ಬೆರಳನ್ನೂ ಅಲ್ಲಾಡಿಸದೆ ಸುಮ್ಮನಿದ್ದಾಗಲೂ ಎಡಗೈ ಆಡಿಸುವ ಭಾಗ ಮತ್ತು ಬಲಗೈ ಆಡಿಸುವ ಭಾಗ ಎರಡೂ ನಿಧಾನವಾಗಿ ಒಟ್ಟೊಟ್ಟಿಗೆ ಏರುತ್ತಿದ್ದವು, ಒಟ್ಟೊಟ್ಟಿಗೆ ಇಳಿಯುತ್ತಿದ್ದವು. ಒಂದು ತಲೆಯ ಆ ಬದಿ, ಇನ್ನೊಂದು ಈ ಬದಿ. ಆದರೂ ತಾಳ ಒಂದೇ.

ಇದು ನಮ್ಮೂರಿನವರಿಗೆ ಹೊಸದೇನಲ್ಲ. ರಾತ್ರಿ ಕರೆಂಟು ಹೋದಾಗ ಜಗಲಿಯಲ್ಲಿ ನಿಂತು ನೋಡುತ್ತೀರಿ. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಲೇ ಇದೆ, ಆಚೆ ಗುಡ್ಡದ ಮೇಲಿನ ಮನೆಯಲ್ಲಿ ನಮ್ಮ ಜೊತೆಗೇ ಹೋಗಿದೆ. ಐದಾರು ಸಲ ಹೀಗೆ ಆದ ಮೇಲೆ ಯಾವ ತಂತಿ ಎಲ್ಲಿಂದ ಹೋಗಿದೆ ಅಂತ ನೋಡದೇ ಹೇಳುತ್ತೀರಿ, ಅವರದ್ದೂ ನಮ್ಮದೂ ಒಂದೇ ಲೈನು ಅಂತ. (ಈಗ ಕಂಪನಿಯ ಹೆಸರು ಬದಲಾಗಿದ್ದರೂ ನಮ್ಮ ಜನ ಬೈಯುವುದು ಕೆ.ಇ.ಬಿ.ಯನ್ನೇ.) ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಯಾವ ಯಾವ ಭಾಗದ ದೀಪ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತದೆ ಎಂದು ನೋಡಿ, ಅವು ಒಂದು ಜಾಲಕ್ಕೆ ಸೇರಿದವು ಎಂದು ಗುರುತು ಮಾಡಿಕೊಂಡರು. ನೋಡುವುದಕ್ಕೆ ಒಂದು ಜಾಲ, ಕೈಕಾಲು ಆಡಿಸುವುದಕ್ಕೆ ಒಂದು, ಗಮನ ಇಡುವುದಕ್ಕೆ ಒಂದು. 2001ರಲ್ಲಿ ಮಾರ್ಕಸ್ ರೈಕ್ಲ್ ಎಂಬುವರು ಮತ್ತೊಂದು ಜಾಲಕ್ಕೆ ಹೆಸರಿಟ್ಟರು. ನಾವು ಕೆಲಸದಲ್ಲಿ ಇಲ್ಲದಾಗ, ಅಂದರೆ ಹಗಲುಗನಸು ಕಾಣುವಾಗ, ಹಳೆಯದನ್ನು ನೆನೆಯುವಾಗ, ಇನ್ನೊಬ್ಬರು ಏನಂದುಕೊಂಡರೋ ಎಂದು ಯೋಚಿಸುವಾಗ ಈ ಜಾಲ ಎಚ್ಚರವಾಗುತ್ತದೆ. ಕೆಲಸಕ್ಕೆ ಕೂತಾಗ ತಣ್ಣಗಾಗುತ್ತದೆ. ಇದನ್ನು ನಾವು ಇಲ್ಲಿ 'ಬಿಡುವಿನ ಜಾಲ' ಎನ್ನೋಣ. ಮುಂದೆ ಬೇಕಾಗುತ್ತದೆ.

ಆಟಿಸಂ ಇರುವ ಮಗುವಿನಲ್ಲಿ

2004ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಮಾರ್ಸೆಲ್ ಜಸ್ಟ್ ಮತ್ತು ಸಂಗಡಿಗರು ಆಟಿಸಂ ಇರುವ ಹಾಗೂ ಇಲ್ಲದ ಜನರಿಗೆ ವಾಕ್ಯಗಳನ್ನು ಓದಲು ಕೊಟ್ಟು ಸ್ಕ್ಯಾನ್ ಮಾಡಿದರು. ಆಟಿಸಂ ಇರುವವರಲ್ಲಿ ಒಂದೊಂದು ಪದವನ್ನು ಹಿಡಿಯುವ ಭಾಗ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಪದ ಹಿಡಿಯುವ ಭಾಗಕ್ಕೂ ಇಡೀ ವಾಕ್ಯವನ್ನು ಜೋಡಿಸುವ ಭಾಗಕ್ಕೂ ತಾಳ ಕಡಿಮೆ ಕೂಡುತ್ತಿತ್ತು. ದೂರದ ಊರುಗಳ ನಡುವಿನ ಬಸ್ಸು ಕಡಿಮೆ ಎಂಬುದು ಅವರ ಸಿದ್ಧಾಂತ. ಹತ್ತಿರದ ಊರುಗಳ ನಡುವೆ ಓಡಾಟ ಬೇಕಾದ್ದಕ್ಕಿಂತ ಹೆಚ್ಚು ಎಂದು ಬೇರೆ ಕೆಲವರು ಸೇರಿಸಿದರು. ಕೇಳಲಿಕ್ಕೆ ಬಹಳ ಚೆನ್ನಾಗಿತ್ತು. ನಾವು ಕೂಡ ಮೊದಮೊದಲು ಪೋಷಕರ ಸಭೆಗಳಲ್ಲಿ ಇದನ್ನೇ ಹೇಳುತ್ತಿದ್ದೆವು.

ಅಷ್ಟು ಸರಳವಲ್ಲ ಎಂದು ಆಮೇಲೆ ಗೊತ್ತಾಯಿತು. 2012ರಲ್ಲಿ ಮೂರು ಸಂಶೋಧನಾ ಗುಂಪುಗಳು ಬೇರೆ ಬೇರೆಯಾಗಿ ಒಂದೇ ಎಚ್ಚರಿಕೆ ಕೊಟ್ಟವು. ಸ್ಕ್ಯಾನ್ ಆಗುವಾಗ ತಲೆ ಒಂದು ಕೂದಲೆಳೆಯಷ್ಟು ಅಲುಗಿದರೂ ಸಾಕು, ದೂರದ ಭಾಗಗಳ ಸಂಪರ್ಕ ಕಡಿಮೆ ಇದ್ದಂತೆ, ಹತ್ತಿರದ್ದು ಹೆಚ್ಚು ಇದ್ದಂತೆ ಲೆಕ್ಕದಲ್ಲಿ ಸುಳ್ಳಾಗಿ ಬಂದುಬಿಡುತ್ತದೆ. ಗಡಗಡ ಸದ್ದು ಮಾಡುವ ಆ ಕೊಳವೆಯೊಳಗೆ ಯಾವ ಮಗು ಹೆಚ್ಚು ಅಲುಗಾಡುತ್ತದೆ ಹೇಳಿ? ಆಟಿಸಂ ಇರುವ ಮಗು, ಎ.ಡಿ.ಎಚ್.ಡಿ. ಇರುವ ಮಗು. ಹಾಗಾಗಿ ಹಳೆಯ ಅಧ್ಯಯನಗಳಲ್ಲಿ ಕಂಡದ್ದರಲ್ಲಿ ಎಷ್ಟು ಮಿದುಳಿನದು, ಎಷ್ಟು ಅಲುಗಾಟದ್ದು ಎಂದು ಮತ್ತೆ ಲೆಕ್ಕ ಹಾಕಬೇಕಾಯಿತು.

ಒಂದೊಂದು ಆಸ್ಪತ್ರೆಯಲ್ಲಿ ಇಪ್ಪತ್ತು ಮೂವತ್ತು ಜನರನ್ನು ನೋಡಿದರೆ ಸಾಲದು ಎಂದು ಹಲವು ಕೇಂದ್ರಗಳು ತಮ್ಮ ಸ್ಕ್ಯಾನುಗಳನ್ನು ಒಟ್ಟುಗೂಡಿಸಿದವು. ಅಬೈಡ್ ಎಂಬ ಹೆಸರಿನ ಈ ಸಂಗ್ರಹ 2012ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಅದರಲ್ಲಿ 1,112 ಜನರ ಸ್ಕ್ಯಾನ್ ಇತ್ತು, ಅವರಲ್ಲಿ 539 ಮಂದಿ ಆಟಿಸಂ ಇರುವವರು. 2014ರಲ್ಲಿ ಬಂದ ಅದರ ವರದಿಯಲ್ಲಿ ಎರಡೂ ಬಗೆ ಕಂಡಿತು. ಮಿದುಳಿನ ಹೊರಪದರದ ಹಲವು ಭಾಗಗಳ ನಡುವೆ ಸಂಪರ್ಕ ಕಡಿಮೆ. ಆಳದಲ್ಲಿರುವ ಥಲಾಮಸ್ ಎಂಬ ಭಾಗಕ್ಕೂ ಹೊರಪದರಕ್ಕೂ ಕೆಲವು ಕಡೆ ಸಂಪರ್ಕ ಹೆಚ್ಚು. ಥಲಾಮಸ್ ಅಂದರೆ ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿಯನ್ನು ಮೇಲಕ್ಕೆ ಕಳುಹಿಸುವ ಅಂಚೆ ಕಛೇರಿ ಅಂತಿಟ್ಟುಕೊಳ್ಳಿ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಚೀರುವ ಮಕ್ಕಳು, ಹೊಸ ಅಂಗಿಯ ಕಾಲರಿನ ಚೀಟಿ ತಾಗಿದರೆ ಅಂಗಿಯನ್ನೇ ಕಿತ್ತೆಸೆಯುವ ಮಕ್ಕಳು. ಹೊರಗಿನ ಸುದ್ದಿ ಸೋಸಿಕೊಂಡು ಬರದೆ ರಾಶಿ ರಾಶಿ ಬಂದರೆ ಯಾರಿಗಾದರೂ ಹಾಗೇ ಆಗುತ್ತದೆ. ಆದರೆ ಇದಕ್ಕೆ ಇದೇ ಕಾರಣ ಎಂದು ಗೆರೆ ಎಳೆದು ತೋರಿಸುವಷ್ಟು ವಿಜ್ಞಾನ ಇನ್ನೂ ಮುಂದೆ ಬಂದಿಲ್ಲ. ಮಗು ಹಟ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿಯೂ ಸಂಕಟವಾಗುತ್ತಿದೆ ಎಂಬಷ್ಟನ್ನು ಮಾತ್ರ ನಾವು ಧೈರ್ಯವಾಗಿ ಹೇಳುತ್ತೇವೆ.

ಎ.ಡಿ.ಎಚ್.ಡಿ. ಇರುವ ಮಗುವಿನಲ್ಲಿ

ಈ ಮಕ್ಕಳನ್ನು ಎಲ್ಲರೂ ನೋಡಿದ್ದೀರಿ. ಕೂತಲ್ಲಿ ಕೂರುವುದಿಲ್ಲ, ಪ್ರಶ್ನೆ ಮುಗಿಯುವ ಮುಂಚೆ ಉತ್ತರ, ಸರದಿಗೆ ಕಾಯುವ ತಾಳ್ಮೆ ಇಲ್ಲ, ವಾರಕ್ಕೆರಡು ಪೆನ್ಸಿಲ್ ಕಳೆಯುತ್ತವೆ. ಇನ್ನು ಕೆಲವರು, ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ, ಗಲಾಟೆಯನ್ನೇ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಾರೆ. ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೇಲೆ ಹೇಳಿದ 'ಬಿಡುವಿನ ಜಾಲ' ಇಲ್ಲಿ ಬರುತ್ತದೆ. ಕೆಲಸಕ್ಕೆ ಕೂತಾಗ ಅದು ತಣ್ಣಗಾಗಬೇಕು, ಗಮನದ ಜಾಲ ಎಚ್ಚರವಾಗಬೇಕು. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು, ಏತದ ಹಾಗೆ. ಎ.ಡಿ.ಎಚ್.ಡಿ. ಇರುವವರಲ್ಲಿ ಬಿಡುವಿನ ಜಾಲ ಪೂರ್ತಿ ಕೂರದೆ ಕೆಲಸದ ನಡುವೆ ಮತ್ತೆ ಮತ್ತೆ ತಲೆ ಎತ್ತುತ್ತದೆ, ಗಮನ ಅಲ್ಲಲ್ಲಿ ಕಡಿಯುತ್ತದೆ ಎಂದು 2007ರಲ್ಲಿ ಸೊನುಗ-ಬಾರ್ಕ್ ಮತ್ತು ಕ್ಯಾಸ್ಟೆಲನೋಸ್ ಎಂಬ ಇಬ್ಬರು ತಜ್ಞರು ವಾದ ಮುಂದಿಟ್ಟರು. ಎಲ್ಲ ಅಧ್ಯಯನಗಳೂ ಇದನ್ನು ಒಪ್ಪುತ್ತವೆ ಅಂತಲ್ಲ. ಆದರೆ ಒಂದೇ ಹುಡುಗ ಒಂದು ಲೆಕ್ಕವನ್ನು ಥಟ್ಟನೆ ಮಾಡಿ, ಅಂಥದ್ದೇ ಮುಂದಿನ ಲೆಕ್ಕಕ್ಕೆ ಬಾಯಿ ಬಿಟ್ಟುಕೊಂಡು ಕೂರುವುದನ್ನು ನೋಡಿದ ಟೀಚರುಗಳಿಗೆ ಇದು ತುಂಬ ಪರಿಚಿತ ಅನ್ನಿಸುತ್ತದೆ.

ಅದೇ 2007ರಲ್ಲಿ ಬಂದ ಇನ್ನೊಂದು ಅಧ್ಯಯನ ಪೋಷಕರಿಗೆ ಹೇಳಲು ನಮಗೆ ಬಹಳ ಇಷ್ಟ. ಫಿಲಿಪ್ ಶಾ ಮತ್ತು ಸಂಗಡಿಗರು ಎ.ಡಿ.ಎಚ್.ಡಿ. ಇರುವ 223 ಮಕ್ಕಳನ್ನೂ ಇಲ್ಲದ 223 ಮಕ್ಕಳನ್ನೂ ಹೋಲಿಸಿದರು. ಮಿದುಳಿನ ಹೊರಪದರ ಮಕ್ಕಳಲ್ಲಿ ಮೊದಲು ದಪ್ಪವಾಗಿ, ಆಮೇಲೆ ತೆಳ್ಳಗಾಗುತ್ತಾ ಬರುತ್ತದೆ. ಕಾಫಿ ಗಿಡಕ್ಕೆ ಚಿಗುರು ಬರಲು ಬಿಟ್ಟು ಆಮೇಲೆ ಬೇಡದ್ದನ್ನು ತೆಗೆಯುತ್ತೀರಲ್ಲ, ಹಾಗೆ. ಮಾಮೂಲಿ ಮಕ್ಕಳಲ್ಲಿ ಹೊರಪದರದ ಅರ್ಧದಷ್ಟು ಭಾಗ ಏಳೂವರೆ ವರ್ಷದ ಸುಮಾರಿಗೆ ಅತಿ ದಪ್ಪದ ಹಂತ ಮುಟ್ಟಿತ್ತು. ಎ.ಡಿ.ಎಚ್.ಡಿ. ಮಕ್ಕಳಲ್ಲಿ ಹತ್ತೂವರೆ ವರ್ಷಕ್ಕೆ. ದಾರಿ ಅದೇ, ಮೂರು ವರ್ಷ ತಡ. ಹೆಚ್ಚು ತಡವಾದದ್ದು ಹಣೆಯ ಹಿಂದಿನ ಭಾಗದಲ್ಲಿ, ಅಂದರೆ ತಡೆದುಕೊಳ್ಳುವುದು, ಯೋಜನೆ ಹಾಕುವುದು ಇವೆಲ್ಲ ಇರುವ ಜಾಗದಲ್ಲಿ. ಕೈಕಾಲು ಆಡಿಸುವ ಭಾಗ ಮಾತ್ರ ಇವರಲ್ಲಿ ಸ್ವಲ್ಪ ಬೇಗನೇ ಬಲಿತಿತ್ತು. ಎಂಜಿನ್ ಮೊದಲು ಬಂತು, ಬ್ರೇಕ್ ಆಮೇಲೆ ಬರುತ್ತದೆ ಎಂದು ನಾವು ಹೇಳಿದರೆ ಜೀಪು ಓಡಿಸುವ ಅಪ್ಪಂದಿರಿಗೆ ಕೂಡಲೇ ಅರ್ಥವಾಗುತ್ತದೆ.

2024ರಲ್ಲಿ ಅಮೆರಿಕದಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಸ್ಕ್ಯಾನ್ ಸೇರಿಸಿ ಮಾಡಿದ ಅಧ್ಯಯನ ಪ್ರಕಟವಾಯಿತು. ಎ.ಡಿ.ಎಚ್.ಡಿ. ಇರುವವರಲ್ಲಿ ಆಸೆ, ಭಾವನೆ, ಕಲಿಕೆ, ಚಲನೆಗೆ ಸಂಬಂಧಿಸಿದ ಆಳದ ಭಾಗಗಳಿಗೂ ಮುಂಭಾಗಕ್ಕೂ ನಡುವಿನ ಸಂಪರ್ಕ ಹೆಚ್ಚು ಎಂದು ಅದರಲ್ಲಿ ಕಂಡಿತು. ಆದರೆ ವ್ಯತ್ಯಾಸ ಬಹಳ ಚಿಕ್ಕದು.

ಸ್ಕ್ಯಾನ್ ನೋಡಿ ಹೇಳಬಹುದಾ?

ಇಷ್ಟೆಲ್ಲ ಓದಿದ ಮೇಲೆ "ಹಾಗಾದ್ರೆ ಆ ದೊಡ್ಡ ಸ್ಕ್ಯಾನನ್ನೇ ಮಾಡಿಸಿಬಿಡೋಣ ಸಿಸ್ಟರ್" ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಯಾಕೆಂದು ಹೇಳುತ್ತೇವೆ.

ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರ ಎತ್ತರ ಅಳೆದರೆ ಸರಾಸರಿಯಲ್ಲಿ ಹುಡುಗರೇ ಎತ್ತರ. ಇದು ನಿಜ. ಆದರೆ ಎತ್ತರ ಐದು ಅಡಿ ಮೂರು ಇಂಚು ಎಂದಷ್ಟೇ ಬರೆದ ಚೀಟಿ ಕೊಟ್ಟು ಇದು ಹುಡುಗನೋ ಹುಡುಗಿಯೋ ಎಂದು ಕೇಳಿದರೆ ಹೇಳಲಾಗುತ್ತದೆಯೇ? ಮಿದುಳಿನ ಸಂಪರ್ಕದ ವ್ಯತ್ಯಾಸಗಳೂ ಹೀಗೆ ಗುಂಪಿನ ಸರಾಸರಿಯವು. ನಿಮ್ಮ ಮಗುವಿನ ಒಂದು ಸ್ಕ್ಯಾನ್ ಇಟ್ಟುಕೊಂಡು ಇದು ಆಟಿಸಂ, ಇದು ಎ.ಡಿ.ಎಚ್.ಡಿ. ಎಂದು ಇವತ್ತಿಗೂ ನಿರ್ಧರಿಸಲಾಗುವುದಿಲ್ಲ.

2011ರಲ್ಲಿ ಇದನ್ನೇ ಪರೀಕ್ಷಿಸಲು ಎ.ಡಿ.ಎಚ್.ಡಿ.-200 ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. 776 ಮಕ್ಕಳ ಮತ್ತು ಯುವಕರ ಸ್ಕ್ಯಾನುಗಳನ್ನು ಅಭ್ಯಾಸಕ್ಕೆ ಕೊಟ್ಟು, ಇನ್ನೂ 197 ಮಂದಿಯದನ್ನು ಮುಚ್ಚಿಟ್ಟು, ಯಾರಿಗೆ ಎ.ಡಿ.ಎಚ್.ಡಿ. ಇದೆ, ಯಾವ ಬಗೆಯದು ಎಂದು ಕಂಪ್ಯೂಟರಿನಿಂದ ಹೇಳಿಸಿ ಎಂದರು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಸೇರಿದವು. ಎಲ್ಲರಿಗಿಂತ ಹೆಚ್ಚು ಸರಿಯುತ್ತರ ಕೊಟ್ಟದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ. ನೂರಕ್ಕೆ ಸುಮಾರು 62. ಅವರು ಸ್ಕ್ಯಾನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ! ವಯಸ್ಸು, ಗಂಡೋ ಹೆಣ್ಣೋ, ಬಲಗೈಯೋ ಎಡಗೈಯೋ, ಬುದ್ಧಿಮಟ್ಟದ ಅಂಕ, ಇಷ್ಟನ್ನೇ ನೋಡಿದ್ದರು. ಸ್ಪರ್ಧೆ ಇದ್ದದ್ದು ಸ್ಕ್ಯಾನ್ ಬಳಸುವವರಿಗೆ ಆದ್ದರಿಂದ ಗೆಲುವು ಬೇರೆ ತಂಡದ ಪಾಲಾಯಿತು. ಈ ಕಥೆ ಹೇಳಿದಾಗಲೆಲ್ಲ ಸಭೆಯಲ್ಲಿ ನಗು ಏಳುತ್ತದೆ. ಓಲೆ ಅಡ ಇಟ್ಟವರು ಮಾತ್ರ ನಗುವುದಿಲ್ಲ.

ಡಾಕ್ಟರು ಎಂ.ಆರ್.ಐ. ಅಥವಾ ಇ.ಇ.ಜಿ. ಬರೆದುಕೊಡುವ ಸಂದರ್ಭಗಳೂ ಇವೆ. ಮಗುವಿಗೆ ಫಿಟ್ಸ್ ಬರುತ್ತಿದ್ದರೆ, ಬಂದ ಮಾತು ನಿಂತುಹೋದರೆ, ಒಂದು ಬದಿಯ ಕೈಕಾಲಿನಲ್ಲಿ ಶಕ್ತಿ ಕಡಿಮೆಯಿದ್ದರೆ, ತಲೆಯ ಗಾತ್ರ ತೀರಾ ಸಣ್ಣ ಅಥವಾ ದೊಡ್ಡದಾಗಿದ್ದರೆ ಅದು ಬೇಕಾಗಬಹುದು. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಬರುವ ಸಾಧ್ಯತೆಯೂ ಹೆಚ್ಚು. ಅಂಥಲ್ಲಿ ಡಾಕ್ಟರ ಮಾತು ಕೇಳಿ. ನಾವು ಬೇಡ ಎನ್ನುವುದು ಬಣ್ಣ ಬಣ್ಣದ ಚಿತ್ರ ತೋರಿಸಿ 'ಬ್ರೈನ್ ಮ್ಯಾಪಿಂಗ್ ಮಾಡಿ ಆಟಿಸಂ ಗುಣ ಮಾಡುತ್ತೇವೆ' ಎನ್ನುವವರನ್ನು. ಸ್ಟೆಮ್ ಸೆಲ್ ಚುಚ್ಚುಮದ್ದು ಎಂದು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ಪ್ರಚಾರ ಮಾಡುವುದು ವೈದ್ಯರ ಪಾಲಿಗೆ ತಪ್ಪು ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಡಿಸೆಂಬರಿನಲ್ಲೇ ತಿಳಿಸಿದೆ. ಜಮೀನಿನ ಪತ್ರ ಹೊರಗೆ ತೆಗೆಯುವ ಮುಂಚೆ ಒಮ್ಮೆ ನಮ್ಮಲ್ಲಿಗೆ ಬನ್ನಿ.

ಹಾಗಾದರೆ ಪತ್ತೆ ಹೇಗೆ? ಮಗುವನ್ನು ನೋಡಿ, ಆಟ ಆಡಿಸಿ, ಮನೆಯವರನ್ನೂ ಟೀಚರನ್ನೂ ಕೇಳಿ. ಮೊದಲು ಕಿವಿ ಪರೀಕ್ಷೆ ಆಗಲೇಬೇಕು. ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲವಲ್ಲ. ಒಂದು ವರ್ಷವಾದರೂ ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷಕ್ಕೂ 'ಅಲ್ನೋಡು ಕಾಗೆ' ಎಂಬಂತೆ ಬೆರಳು ತೋರಿಸದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಕೂಡಿಸಿ ಮಾತಾಡದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಕಲಿತ ಮಾತು ಬಿಟ್ಟುಹೋದರೆ ಕಾಯಬೇಡಿ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಎಂದು ಅಜ್ಜಿಯಂದಿರು ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಸಮಾಧಾನದಲ್ಲಿ ಎರಡು ವರ್ಷ ಹೋಗಿಬಿಡುತ್ತದೆ. ಎ.ಡಿ.ಎಚ್.ಡಿ. ಎನ್ನಲು ಲಕ್ಷಣಗಳು ಹನ್ನೆರಡು ವರ್ಷದೊಳಗೆ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಶಾಲೆಯಲ್ಲಿ ಮಾತ್ರ ತಂಟೆ ಎಂದಾದರೆ ಮೊದಲು ಶಾಲೆಯನ್ನೇ ನೋಡಬೇಕಾಗುತ್ತದೆ.

ಎರಡೂ ಒಟ್ಟಿಗೆ ಇರಬಹುದೇ ಎಂದು ಕೇಳುತ್ತಾರೆ. ಇರಬಹುದು, ಬಹಳ ಮಕ್ಕಳಲ್ಲಿ ಇರುತ್ತದೆ. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಆಟಿಸಂ ಎಂದು ಬರೆದರೆ ಎ.ಡಿ.ಎಚ್.ಡಿ. ಎಂದು ಬರೆಯುವಂತಿರಲಿಲ್ಲ. ಆ ವರ್ಷ ಬಂದ ಐದನೇ ಆವೃತ್ತಿಯಲ್ಲಿ ಆ ಕಟ್ಟು ಸಡಿಲಿಸಿದರು.

ತಾಯಿಯ ಮೇಲಿನ ಅಪವಾದ

ಆ ತಾಯಿಯ ಪ್ರಶ್ನೆಗೆ ಬರೋಣ. ಅವರ ಅತ್ತೆ ಹೇಳಿದ್ದನ್ನು ದೊಡ್ಡ ದೊಡ್ಡ ಪ್ರೊಫೆಸರುಗಳೂ ಹೇಳಿದ್ದರು ಎಂದರೆ ನಂಬುತ್ತೀರಾ? 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಮೊದಲ ಪ್ರಸಿದ್ಧ ಲೇಖನ ಬರೆದರು. ಆಮೇಲಿನ ವರ್ಷಗಳಲ್ಲಿ, ಮಗುವನ್ನು ಪ್ರೀತಿಯಿಂದ ಅಪ್ಪಿಕೊಳ್ಳದ, ಫ್ರಿಜ್ಜಿನಂತೆ ತಣ್ಣಗಿರುವ ತಾಯಂದಿರಿಂದಲೇ ಹೀಗಾಗುತ್ತದೆ ಎಂಬ ಮಾತು ಹಬ್ಬಿತು. ಷಿಕಾಗೋದ ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದು ಇದನ್ನು ಮನೆಮನೆಗೆ ಮುಟ್ಟಿಸಿದರು. ಅದಕ್ಕೆ ಮೂರು ವರ್ಷ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ಮಿದುಳಿನ ವಿಷಯ, ತಾಯಿಯದಲ್ಲ ಎಂದು ಪುಸ್ತಕ ಬರೆದಿದ್ದರು. ಅವರ ಸ್ವಂತ ಮಗನಿಗೇ ಆಟಿಸಂ ಇತ್ತು. ತಂದೆಯೊಬ್ಬರು ಬರೆದದ್ದು ಸರಿ ಎಂದು ಲೋಕ ಒಪ್ಪಲು ವರ್ಷಗಳೇ ಬೇಕಾದವು.

ಆಟಿಸಂ, ಎ.ಡಿ.ಎಚ್.ಡಿ. ಎರಡರಲ್ಲೂ ವಂಶವಾಹಿಗಳ ಪಾತ್ರ ದೊಡ್ಡದು ಎಂದು ಅವಳಿ ಮಕ್ಕಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮಿದುಳಿನ ಜಾಲಗಳ ಹಂದರ ಹಾಕುವ ಕೆಲಸ ಹೊಟ್ಟೆಯಲ್ಲಿದ್ದಾಗಲೇ ಶುರುವಾಗುತ್ತದೆ. ವಂಶವಾಹಿ ಅಂದ ಕೂಡಲೇ "ಯಾರ ಕಡೆಯಿಂದ ಬಂತು" ಎಂದು ಎರಡು ಮನೆಯವರು ಜಗಳಕ್ಕೆ ಇಳಿಯುವುದನ್ನೂ ಕಂಡಿದ್ದೇವೆ. ಒಂದೆರಡಲ್ಲ, ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪ್ರಭಾವ ಸೇರಿ ಆಗುವುದಿದು. ಅಜ್ಜಿಯನ್ನೋ ಸೊಸೆಯನ್ನೋ ಕಟಕಟೆಗೆ ನಿಲ್ಲಿಸಿ ಪ್ರಯೋಜನವಿಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು 1998ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಲಸಿಕೆ ತಪ್ಪಿಸಬೇಡಿ. ಮೊಬೈಲಿನಿಂದಲೇ ಆಟಿಸಂ ಬಂತು ಎನ್ನಲೂ ಆಧಾರವಿಲ್ಲ. ಮೊಬೈಲ್ ಕೊಟ್ಟು ಕೂರಿಸಿದರೆ ಮಗು ಮಾತು ಕಲಿಯುವ ಹೊತ್ತು ಹೋಗುತ್ತದೆ, ಆದ್ದರಿಂದ ಕಡಿಮೆ ಮಾಡಿ ಎನ್ನುತ್ತೇವೆ. ಅದು ಬೇರೆ ಮಾತು. ಬೆಳಿಗ್ಗೆಯಿಂದ ಸಂಜೆವರೆಗೆ ಹಣ್ಣು ಕೊಯ್ಲಿಗೆ ಹೋಗುವ ತಾಯಿ ಮಗುವನ್ನು ಯಾರ ಕೈಲಿ ಬಿಡಬೇಕು ಎಂದು ಬೈಯುವವರು ಯಾರೂ ಹೇಳುವುದಿಲ್ಲ.

ಬೈದವರಲ್ಲಿ ನಾವೂ ಇದ್ದೆವು. ಬಹಳ ವರ್ಷಗಳ ಹಿಂದೆ, ಸಮಾಜಕಾರ್ಯ ಓದುವ ಮುಂಚೆ, ನಾವು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲ. ಒಬ್ಬ ಹುಡುಗನನ್ನು ದಿನಾ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆವು. ಕೂರಲ್ಲ, ಬರೆಯಲ್ಲ, ಪಕ್ಕದವನನ್ನು ತಿವಿಯುತ್ತಾನೆ. ಅವನ ತಾಯಿಯನ್ನು ಕರೆಸಿ "ಮನೆಯಲ್ಲಿ ಶಿಸ್ತು ಕಲಿಸಿ" ಎಂದೆವು. ಆ ತಾಯಿ ತಲೆ ತಗ್ಗಿಸಿ ನಿಂತದ್ದು ಇನ್ನೂ ಕಣ್ಣಮುಂದಿದೆ. ಮೂರನೇ ಕ್ಲಾಸಿಗೆ ಅವನು ಶಾಲೆ ಬಿಟ್ಟ. ಅಂಥ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಹತ್ತು ಲೆಕ್ಕದ ಬದಲು ಮೂರು ಮೂರಾಗಿ ಕೊಟ್ಟು, ನಡುವೆ ಚಾಕ್‌ಪೀಸು ತರಲು ಓಡಿಸಿ, ಮಾಡಿದ ಕೂಡಲೇ ಶಹಭಾಸ್ ಎಂದಿದ್ದರೆ ಉಳಿಯುತ್ತಿದ್ದನೇನೋ. ಈಗ ಟೀಚರುಗಳ ತರಬೇತಿಯಲ್ಲಿ ಇದನ್ನೇ ಹೇಳಿಕೊಡುತ್ತೇವೆ.

ಎಲ್ಲಿಗೆ ಹೋಗಬೇಕು

ಸರ್ಕಾರದ ಆರ್.ಬಿ.ಎಸ್.ಕೆ. ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುತ್ತಾರೆ. ಅನುಮಾನವಿದ್ದರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮಾತು ಮತ್ತು ಕಿವಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಆಟಿಸಂ 1995ರ ಅಂಗವಿಕಲರ ಕಾಯ್ದೆಯಲ್ಲಿ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯ 21 ವಿಧಗಳಲ್ಲೂ ಇದೆ. ನಮ್ಮ ದೇಶದಲ್ಲೇ ತಯಾರಾದ 40 ಅಂಶಗಳ ಐ.ಎಸ್.ಎ.ಎ. ಎಂಬ ಅಳತೆಪಟ್ಟಿ ಇದೆ. ಪ್ರಮಾಣಪತ್ರಕ್ಕೆ ಅದರಿಂದ ತೀವ್ರತೆ ಅಳೆಯುತ್ತಾರೆ, ಸ್ಕ್ಯಾನಿನಿಂದ ಅಲ್ಲ ಎಂಬುದನ್ನು ಗಮನಿಸಿ. ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಅವಕಾಶವಿದೆ. ಎ.ಡಿ.ಎಚ್.ಡಿ. ಮಾತ್ರ ಆ 21ರಲ್ಲಿ ಇಲ್ಲ. ಇದು ನಮಗೆ ಸರಿ ಕಾಣುವುದಿಲ್ಲ. ಜೊತೆಗೆ ಕಲಿಕೆಯ ನ್ಯೂನತೆ ಇದ್ದರೆ ಅದರ ಹೆಸರಿನಲ್ಲಿ ಅರ್ಜಿ ಹಾಕಬಹುದು.

ಎ.ಡಿ.ಎಚ್.ಡಿ.ಗೆ ಒಳ್ಳೆಯ ಔಷಧಿಗಳಿವೆ. ಮನೋವೈದ್ಯರು ಬರೆದುಕೊಟ್ಟರೆ ಹೆದರದೆ ಕೊಡಿ, ಅವರನ್ನು ಕೇಳದೆ ನಿಲ್ಲಿಸಬೇಡಿ. ಆರು ವರ್ಷಕ್ಕಿಂತ ಚಿಕ್ಕವರಿಗೆ ಮೊದಲು ಪೋಷಕರ ತರಬೇತಿಯೇ ಮದ್ದು. ಆಟಿಸಂನ ಮೂಲ ಲಕ್ಷಣಗಳಿಗೆ ಮಾತ್ರೆ ಇಲ್ಲ. ಇರುವುದು ದಿನನಿತ್ಯದ ಕೆಲಸ. ಚಿಕ್ಕ ಮಗುವಿನ ಮಿದುಳಿನಲ್ಲಿ ಚಿಗುರು ಬರುವುದು, ಸವರುವುದು ಇನ್ನೂ ನಡೆಯುತ್ತಿರುತ್ತದೆ. ಮತ್ತೆ ಮತ್ತೆ ಬಳಸಿದ ದಾರಿ ಗಟ್ಟಿಯಾಗುತ್ತದೆ. ಅದಕ್ಕೇ ಬೇಗ ಶುರು ಮಾಡಿ ಎಂದು ನಾವು ಪೀಡಿಸುವುದು.

ಆ ತಾಯಿಗೆ ಅಂದು ಮೂರು ಕೆಲಸ ಹೇಳಿಕೊಟ್ಟಿದ್ದೆವು. ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು, ಅದರ ಕಣ್ಣಿನ ಮಟ್ಟಕ್ಕೆ ಇಳಿದು, ಒಂದೆರಡು ಪದದಲ್ಲಿ ಮಾತಾಡುವುದು. ಏಳುವುದು, ಹಲ್ಲುಜ್ಜುವುದು, ತಿಂಡಿ, ಅಂಗನವಾಡಿ, ಹೀಗೆ ದಿನದ ಕೆಲಸಗಳನ್ನು ಚಿತ್ರದಲ್ಲಿ ಸಾಲಾಗಿ ಅಂಟಿಸುವುದು. ಮಗು ಏನನ್ನು ನೋಡುತ್ತದೋ ಅದರ ಬಗ್ಗೆಯೇ ಮಾತು ಶುರು ಮಾಡುವುದು. ಮಳೆಹನಿಯನ್ನು ನೋಡಿದರೆ ಮಳೆಹನಿಯ ಬಗ್ಗೆ.

ಈಗ ಅವರು ಪ್ರತಿ ಮಂಗಳವಾರ ಬರುತ್ತಾರೆ. ಎಸ್ಟೇಟಿನ ರೈಟರಿಗೆ ನಾವೇ ಒಂದು ಪತ್ರ ಬರೆದು ಅರ್ಧ ದಿನ ಬಿಡುವು ಕೇಳಿಕೊಂಡೆವು. ಎಂ.ಆರ್.ಐ. ಕವರನ್ನು ಮನೆಯಲ್ಲೇ ಬಿಟ್ಟು, ಬಿಸ್ಕತ್ತಿನ ಡಬ್ಬಿಯಲ್ಲಿ ಚಿತ್ರದ ಚೀಟಿಗಳನ್ನು ತುಂಬಿಕೊಂಡು ಬರುತ್ತಾರೆ. ಕಳೆದ ತಿಂಗಳು ಅವರ ಅತ್ತೆಯೂ ಜೊತೆಗೆ ಬಂದಿದ್ದರು. ಹೊತ್ತು ಹೊತ್ತಿಗೂ ನಮ್ಮನ್ನು ಅನುಮಾನದಿಂದ ನೋಡುತ್ತಾ ಮೂಲೆಯಲ್ಲಿ ಕೂತಿದ್ದವರು ಕೊನೆಗೆ ಎದ್ದು ಬಂದು, "ಆ ನೀರಿನ ಲೋಟದ ಚಿತ್ರ ಇನ್ನೊಂದು ಇದ್ದರೆ ಕೊಡಿ ಸಿಸ್ಟರ್. ಅವನು ಅದನ್ನು ಹಿಡಿದುಕೊಂಡು ನನ್ನ ಹತ್ರಾನೂ ಬರ್ತಾನೆ. ಅಗಿದು ಅಗಿದು ಹಾಳು ಮಾಡಿದ್ದಾನೆ" ಎಂದರು.